ಖಾಲಿ ಮಿಷನ್

೧೪, ಮಂಗಳವಾರ

ಯೂನಿಫಾರಂ ಹೊಲಿಯುವ ದೊಡ್ಡ ಆರ್ಡರನ್ನು ಇವತ್ತು ಬೇಡ ಅಂದುಬಿಟ್ಟೆ. ಡಯಾಲಿಸಿಸ್ ಮುಗಿಸಿ ಬಂದ ಇವರಿಗೆ ನನ್ನ ಹೊಲಿಗೆ ಮಿಷನ್ನಿನ ಗಡಗಡ ಯಾಕೆ, ಮಧ್ಯಾಹ್ನವಾದರೂ ನೆಮ್ಮದಿಯಾಗಿ ಮಲಗಲಿ ಅಂತ. ಮನೆ ತಣ್ಣಗಾಯಿತು. ಇವರು ಮಾತ್ರ ಹೊರಳಾಡಿದ್ದೇ ಹೊರಳಾಡಿದ್ದು.

“ಯಾಕೆ ನಿಲ್ಲಿಸಿದೆ?”

“ನಿಮಗೋಸ್ಕರಾನೇ!” ರೇಗಿದೆ.

“ಮಿಷನ್ ಓಡ್ತಿದ್ರೆ ನೀನು ಪಕ್ಕದಲ್ಲೇ ಇದೀಯ ಅಂತ ಧೈರ್ಯ ಕಣೇ. ನಿಂತ್ರೆ ನಿದ್ದೆ ಬರಲ್ಲ.”

ಇಷ್ಟು ವರ್ಷ ಬಾಯಿ ಬಿಡಬಾರದಿತ್ತೇ ಈ ಮನುಷ್ಯ? ದಾರವಿಲ್ಲ, ಬಟ್ಟೆಯಿಲ್ಲ, ಖಾಲಿ ಮಿಷನ್ ತುಳಿದೆ. ಸ್ವಲ್ಪ ಹೊತ್ತಿಗೇ ಗೊರಕೆ.

ಈಗಲೂ ತುಳಿಯುತ್ತಲೇ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಸೊಟ್ಟ. ಬೆಳಿಗ್ಗೆ ಆ ಆರ್ಡರನ್ನು ಮತ್ತೆ ಕೇಳಬೇಕು. ಹೇಗೂ ತುಳಿಯಬೇಕಲ್ಲ, ಸೂಜಿಯ ಕೆಳಗೆ ಬಟ್ಟೆಯಾದರೂ ಇರಲಿ.

ಗೊರಕೆ ನಿಂತರೆ ನನ್ನೆದೆ ಧಸಕ್ಕೆನ್ನುತ್ತದೆ. ಅದನ್ನು ನಾನೂ ಯಾವತ್ತೂ ಬಾಯಿ ಬಿಟ್ಟು ಹೇಳಿಲ್ಲ.