ವೆಂಕಾಯಮ್ಮ ಕನ್ನಡ ಕಲಿತದ್ದು

ಮೆಟ್ರಿ, ಹೊಸಪೇಟೆ ತಾಲೂಕು
೧೪ ಫೆಬ್ರವರಿ ೧೯೮೨

ಗೆಳೆಯ ತೋಟಪ್ಪ,

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಮೂರನೆಯದರಲ್ಲಿ 'ಬದುಕಿದ್ದೀಯೋ ಇಲ್ಲವೋ ಅಷ್ಟನ್ನಾದರೂ ಕಾರ್ಡಿನಲ್ಲಿ ಗೀಚು' ಎಂದಿದ್ದೀಯ. ಬದುಕಿದ್ದೇನಪ್ಪಾ. ಆರು ತಿಂಗಳು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನದೇ ತಪ್ಪು, ಎಷ್ಟು ಬೇಕೋ ಅಷ್ಟು ಬೈ. ನಿನ್ನ ಮಗಳ ಮದುವೆ ಗೊತ್ತಾದ ಸುದ್ದಿ ಕೇಳಿ ನಮ್ಮ ಮನೆಯಾಕೆ ಚೆನ್ನಬಸಮ್ಮನಿಗೆ ಭಾಳ ಖುಷಿ. 'ನಮ್ಮ ಪಡಸಾಲ್ಯಾಗ ಮಂಡಕ್ಕಿ ಚೆಲ್ಲಾಡತಿದ್ದ ಕೂಸು ಅದು, ಆಗಲೇ ಮದಿವಿಗೆ ಬಂತಾ?' ಎಂದು ಮೂರು ಸಲ ಕೇಳಿದಳು.

ಇಲ್ಲಿ ಎರಡನೇ ಬೆಳೆಗೂ ಕಾಲುವೆಗೆ ನೀರು ಬಿಟ್ಟಿದ್ದಾರೆ. ಕ್ಯಾಂಪಿನವರ ನಾಟಿ ಮುಗಿದಿದೆ. ಗುಂಟೂರು ಕಡೆಯಿಂದ ಬಂದ ಈ ಜನ ನಮ್ಮ ಮುಳ್ಳುಕಂಟಿಯ ನೆಲವನ್ನು ಗದ್ದೆ ಮಾಡಿದ್ದಕ್ಕೆ ನಮ್ಮೂರವರ ಹೊಟ್ಟೆಯುರಿ ಇನ್ನೂ ಆರಿಲ್ಲ.

ಇನ್ನು ವರದಿಯ ಮಾತು. ದೊಡ್ಡವರು ಭಾಷೆ ಕಲಿಯುವ ಬಗ್ಗೆ ನೀನು ಬರೆಯುತ್ತಿರುವ ಪುಸ್ತಕಕ್ಕೆ ನನ್ನ ಕನ್ನಡ ತರಗತಿಯ ವರದಿ ಬೇಕು, ವೆಂಕಾಯಮ್ಮನ ಮಾತನ್ನು ಟೇಪಿನಲ್ಲಿ ಹಿಡಿಯಲು ನೀನೇ ಬರುತ್ತೀಯ ಎಂದು ಬರೆದಿದ್ದೀಯ. ಬರಬೇಡ. ವರದಿಯನ್ನೂ ನಾನು ಕಳಿಸುವುದಿಲ್ಲ. ಸಿಟ್ಟಾಗುವ ಮೊದಲು ಪೂರ್ತಿ ಓದು.

ಹನ್ನೆರಡು ವರ್ಷ ದಾಟಿದ ಮೇಲೆ ಹೊಸ ಭಾಷೆಗೆ ನಾಲಿಗೆ ಬಿಗಿಯುತ್ತದೆ ಎಂಬ ವಾದ, ತರಗತಿ ಶುರುವಾದಾಗ ನೀನು ಬರೆದ ಕಾಗದದಲ್ಲಿತ್ತು. ಆಮೇಲೆ, ಹಾಗೇನಿಲ್ಲ, ಹೇಳಿಸಿ ಹೇಳಿಸಿ ರೂಢಿ ಮಾಡಬೇಕು ಎಂದು ನೀನೇ ಬರೆದೆ. ಕ್ಯಾಂಪಿನ ಹದಿನೆಂಟು ಹೆಂಗಸರ ಕೈಯಲ್ಲಿ 'ಇದು ಎಮ್ಮೆ, ಇದು ಮರ' ಎಂದು ನಾನು ತಿಂಗಳುಗಟ್ಟಲೆ ಹೇಳಿಸಿದೆ. ನಲವತ್ತಾರು ವಯಸ್ಸಿನ ವೆಂಕಾಯಮ್ಮ ಒಂದು ದಿನ ಎದ್ದು, 'ಮೇಷ್ಟ್ರುಗಾರು, ಅದು ಎಮ್ಮೆ ಅಂತ ಎಮ್ಮೆಕಿ ಗೊತ್ತು. ನಂಗೆ ಹಾಲು ಮಾರೋ ಕನ್ನಡ ಹೇಳಂಡಿ' ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಂಪ್ಲಿ ಸಂತೆಯಲ್ಲಿ ಹಾಲು, ತುಪ್ಪ ಮಾರಲು ಆಕೆಗೆ ಕನ್ನಡ ಬೇಕಿತ್ತು. ಆಕೆಯ ಗಂಡ ಕೋಟಯ್ಯ ಬಾಗಿಲ ಬಳಿ ನಿಂತು, 'ನಾ ಹೆಂಡತಿಕಿ ಮಾತು ಜಾಸ್ತಿ, ಇನ್ನೊಂದು ಭಾಷೆ ಕೊಡಬೇಡಂಡಿ' ಎಂದು ಕೈಮುಗಿದು ಹೋಗುತ್ತಿದ್ದ.

ಆಗ ನೀನು ಕಳಿಸಿದ್ದು ಕೊನೆಯ ಸಿದ್ಧಾಂತ. ದೊಡ್ಡವರು ಭಾಷೆ ಕಲಿಯುವುದು ಗರಜು ಬಿದ್ದಾಗ, ಕಲಿಯದೆ ವಿಧಿಯಿಲ್ಲ ಎಂದಾದಾಗ ಮಾತ್ರ. ಕಲಿಸುವವನಿಗೆ ಅವರ ಭಾಷೆ ಬರಬಾರದು. ಅವರಿಗೆ ಬೇರೆ ದಾರಿಯೇ ಉಳಿಯಬಾರದು. ಸಂಡೂರಿನವನಾದ ನನಗೆ ತೆಲುಗು ಬರುವುದಿಲ್ಲ ಎಂದಾಗ ನೀನು ಕುಣಿದಾಡಿದ್ದೆ. ಗಡಿಸೀಮೆಯಲ್ಲಿ ಇಂಥ ಮೇಷ್ಟ್ರು ಎಲ್ಲಿ ಸಿಗುತ್ತಾನೆ ಎಂದು ಬರೆದಿದ್ದೆ. ಪುಸ್ತಕದಲ್ಲಿ ನನ್ನ ಹೆಸರೂ ಇರುತ್ತದೆ ಎಂದಿದ್ದೆ. ತೆಲುಗಿನಲ್ಲಿ ಏನು ಕೇಳಿದರೂ ನಾನು ಕೈಯಾಡಿಸಿ, 'ಕನ್ನಡದಾಗ ಹೇಳ್ರಿ' ಎನ್ನತೊಡಗಿದೆ. ಒಂದೊಂದು ಮಾತಿಗೂ ಅವರು ಒದ್ದಾಡುತ್ತಿದ್ದರು. ಆದರೆ ಮಾತು ಬರುತ್ತಿತ್ತು, ಅದು ಸುಳ್ಳಲ್ಲ.

ಹೋದ ಆಗಸ್ಟಿನ ಒಂದು ಮಧ್ಯಾಹ್ನ. ಕಾಲುವೆ ತುಂಬಿ ಹರಿಯುತ್ತಿತ್ತು. ತೂಬಿನ ಮನೆಯ ಪಕ್ಕದ ಕೋಣೆಯಲ್ಲೇ ನಮ್ಮ ತರಗತಿ. ಇನ್ನೂ ಯಾರೂ ಬಂದಿರಲಿಲ್ಲ, ನಾನೊಬ್ಬನೇ ಹಲಗೆಯ ಮೇಲೆ ಪಾಠ ಬರೆಯುತ್ತಿದ್ದೆ. ವೆಂಕಾಯಮ್ಮ ಓಡಿಬಂದಳು. ಸೆರಗು ಜಾರಿತ್ತು, ಏದುಸಿರು ಬಿಡುತ್ತಿದ್ದಳು. ತೆಲುಗಿನಲ್ಲಿ ಏನೋ ಕೂಗಿದಳು. ನಾನು ರೂಢಿಯಂತೆ, 'ಸಮಾಧಾನ ತಗೋರಿ. ಕನ್ನಡದಾಗ ಹೇಳ್ರಿ' ಎಂದೆ. ಆಕೆಯ ಬಾಯಿ ತೆರೆಯಿತು, ಮುಚ್ಚಿತು. 'ನನ್ನ... ನನ್ನ...' ಎನ್ನುತ್ತ ಎರಡೂ ಕೈಗಳನ್ನು ಗಾಳಿಯಲ್ಲಿ ಎಳೆದಾಡಿದಳು. ನಾನು ಕಾದೆ. ಕೊನೆಗೆ 'ಗಂಡ, ನೀರು' ಎಂಬ ಎರಡು ಮಾತು ಬಂದವು. ಓಡಿಹೋಗಿ ತೂಬು ಕಾಯುವ ಪಂಪಣ್ಣನನ್ನು ಕೂಗಿದೆ. ಅವನು ಹಗ್ಗ ಹಿಡಿದು ಜಿಗಿಯುವಷ್ಟರಲ್ಲಿ ಕೋಟಯ್ಯ ಹಿಡಿದುಕೊಂಡಿದ್ದ ದಡದ ಜಾಲಿಯ ಟೊಂಗೆ ಖಾಲಿಯಿತ್ತು. ಮರುದಿನ ಎರಡು ಮೈಲಿ ಕೆಳಗೆ ಸಿಕ್ಕ.

ಪಂಪಣ್ಣ ನನ್ನನ್ನು ದೂರಲಿಲ್ಲ. 'ಎರಡ್ ನಿಮಿಷ ಮದ್ಲ ಗೊತ್ತಾಗಿದ್ರ ಹಿಡೀತಿದ್ದೆ ಸರ. ನಿಮಗರ ತೆಲುಗು ಬರಂಗಿಲ್ಲ, ಏನ್ ಮಾಡ್ತೀರಿ' ಎಂದ. ಕ್ಯಾಂಪಿನವರೂ ಅದನ್ನೇ ಅಂದರು. ಅಂತೂ ನನ್ನನ್ನು ಎಲ್ಲರೂ ಕ್ಷಮಿಸಿದರು.

ತಿಂಗಳು ಕಳೆದ ಮೇಲೆ ವೆಂಕಾಯಮ್ಮ ತರಗತಿಗೆ ಬಂದಳು. ಬರಲಾರಳು ಎಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತಳು. ಹೊರಗೆ ಬಾವಿಯ ರಾಟೆಯಿಂದ ನೇತಾಡುತ್ತಿದ್ದುದನ್ನು ಬೆರಳಿನಿಂದ ತೋರಿಸಿ ಅದಕ್ಕೇನನ್ನುತ್ತಾರೆ ಎಂದು ಕೇಳಿದಳು. 'ಹಗ್ಗ' ಎಂದೆ. ಅದನ್ನು ಪಾಟಿಯ ಎರಡೂ ಬದಿಗೆ ಬರೆದು ತುಂಬಿಸಿದಳು. ಆಮೇಲೆ ಆಕೆ ಕಲಿತ ಪರಿ ನೋಡಿ ನನಗೆ ಹೆದರಿಕೆಯಾಯಿತು ತೋಟಪ್ಪ. ದಿನಕ್ಕೆ ಇಪ್ಪತ್ತು, ಮೂವತ್ತು ಮಾತು. ಎಮ್ಮೆ ಕಾಯುತ್ತ, ಸಗಣಿ ತಟ್ಟುತ್ತ ಬಾಯಿಪಾಠ. ಈಗ ನಮ್ಮವರಂತೆಯೇ ಮಾತಾಡುತ್ತಾಳೆ, ಜಗಳವನ್ನೂ ಆಡುತ್ತಾಳೆ. ಹಿಂದಿನ ಸಲ ತನಿಖೆಗೆ ಬಂದ ನಿಮ್ಮ ಭಾಷಾ ಕೇಂದ್ರದವರು ಕೇಳಿ ಬೆರಗಾದದ್ದು ಅದನ್ನೇ. ಆಕೆ ಹೇಗೆ ಕಲಿತಳು ಎಂದು ನಾನು ಅವರಿಗೆ ಹೇಳಲಿಲ್ಲ.

ಈಗ ನೀನು ಬಂದು ಆಕೆಯ ಮುಂದೆ ಟೇಪು ಇಟ್ಟರೆ ಆಕೆ ಏನು ಹೇಳುತ್ತಾಳೆ ಗೊತ್ತೇ? ಹೊಸದಾಗಿ ಸೇರುವ ಹೆಂಗಸರಿಗೆ ದಿನವೂ ಹೇಳುವುದನ್ನೇ ಹೇಳುತ್ತಾಳೆ: 'ಜಲ್ದಿ ಕಲೀರಿ. ನಾ ದಡ್ಡಿ, ನನಗ ಕನ್ನಡ ಬರಲಿಲ್ಲ. ಬಂದಿದ್ರ ನನ್ನ ಗಂಡ ಉಳೀತಿದ್ದ. ನಾನೇ ಕೊಂದೆ.' ಅದನ್ನು ನೀನು ಅಚ್ಚು ಹಾಕಿಸಿ, ಗರಜು ಹೇಗೆ ಕಲಿಸುತ್ತದೆ ನೋಡಿ ಎಂದು ಕೆಳಗೆ ಷರಾ ಬರೆಯುತ್ತೀಯ. ಅದಾಗಬಾರದು. ನಮ್ಮ ಮೂವತ್ತು ವರ್ಷದ ಸ್ನೇಹದ ಮೇಲೆ ಕೇಳುತ್ತಿದ್ದೇನೆ, ಆಕೆಯ ಹೆಸರನ್ನೂ ನನ್ನ ಹೆಸರನ್ನೂ ಪುಸ್ತಕದಿಂದ ತೆಗೆ.

ಮದುವೆಗೆ ಚೆನ್ನಬಸಮ್ಮ ಬರುತ್ತಾಳೆ, ನನ್ನಿಂದಾಗದು. ಮಗಳು, ಅಳಿಯ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡು ನೂರು ಕಾಲ ಸುಖವಾಗಿರಲಿ. ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೋ.

ನಿನ್ನ
ಮರುಳಸಿದ್ದಪ್ಪ

ಮ.ವಿ.: ಕಾಗದ ಅಂಟಿಸುವ ಮುನ್ನ ಮತ್ತೆ ತೆರೆದಿದ್ದೇನೆ. ನನ್ನ ತಾಯಿ ಆದೋನಿಯವಳು, ತೋಟಪ್ಪ. ನನಗೆ ಒಂಬತ್ತು ವರ್ಷವಾಗಿ ಆಕೆ ಸಾಯುವವರೆಗೆ ನಾನು ಆಕೆಯೊಡನೆ ತೆಲುಗನ್ನೇ ಆಡಿದವನು. ನಿನಗೆ ಬೇಕಾದ ಮೇಷ್ಟ್ರಾಗಬೇಕು, ಪುಸ್ತಕದಲ್ಲಿ ಹೆಸರು ಬರಬೇಕು ಎಂದು ತೆಲುಗು ಬರುವುದಿಲ್ಲ ಎಂದು ಸುಳ್ಳು ಹೇಳಿದೆ. 'ಮಾ ಆಯನ ನೀಳ್ಳಲ್ಲೋ ಪಡ್ಡಾಡು, ತಾಡು ಇವ್ವಂಡಿ.' ಅವಳು ಕೂಗಿದ್ದು ಅದು. ಗಂಡ ನೀರಿಗೆ ಬಿದ್ದಿದ್ದಾನೆ, ಹಗ್ಗ ಕೊಡಿ. ಮೊದಲ ಸಲಕ್ಕೇ ನನಗೆ ಪೂರ್ತಿ ತಿಳಿಯಿತು. ಕಾಲುವೆಗೆ ಬಿದ್ದವರು ದಿನಾ ಎದ್ದು ಬರುತ್ತಾರೆ, ಇವನೂ ಬರುತ್ತಾನೆ, ಇಂಥ ಗರಜು ಮತ್ತೆ ಸಿಗದು, ಈಗ ಇವಳಿಗೆ ಕನ್ನಡ ಬರುತ್ತದೆ ಎಂದು ಕಾದೆ. ಇದನ್ನು ಆಕೆಗೆ ಹೇಳಲು ಆರು ತಿಂಗಳಿಂದ ಆಗಿಲ್ಲ. ಇವತ್ತೂ ಬಂದಿದ್ದಳು. 'ನಾನೇ ಕೊಂದೆ' ಎಂದು ಎಲ್ಲರ ಮುಂದೆ ಹೇಳಿ, 'ಸರಿ ಹೇಳಿದ್ನಾ ಮೇಷ್ಟ್ರೇ' ಎಂದು ನನ್ನ ಮುಖ ನೋಡಿದಳು. ಸರಿ ಎಂದು ತಲೆಯಾಡಿಸಿದೆ.