ಹಲ್ಲಿನಿಂದ ಕಡಿದ ದಾರ

ಅಂಗಡಿಯಿಂದ, ಕಟಿಂಗ್ ಮೇಜಿನ ಮೇಲೆ ಬರೆದದ್ದು
ಬುಧವಾರ, ಮಾರ್ಚ್ ೧೨

ನನ್ನ ಸೊಸೆಮುದ್ದಿಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯ? ಮೊದಲು ಕಾಲಿನ ಸುದ್ದಿ ಹೇಳು. ಹೋದ ತಿಂಗಳ ಪತ್ರದಲ್ಲಿ ದಿನವಿಡೀ ವಾರ್ಡಿನಲ್ಲಿ ನಿಂತು ಪಾದ ಊದಿಕೊಳ್ಳುತ್ತಿದೆ ಎಂದು ಬರೆದಿದ್ದೆ, ಈ ಪತ್ರದಲ್ಲಿ ಅದರ ಸೊಲ್ಲೇ ಇಲ್ಲ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಕಾಲು, ಒಮ್ಮೆಲೇ ನಿಲ್ಲು ಎಂದರೆ ಅದಾದರೂ ಏನು ಮಾಡೀತು? ಮಲಗುವಾಗ ಪಾದದ ಕೆಳಗೆ ದಿಂಬು ಇಟ್ಟುಕೋ. ಒಂದು ಅಳತೆ ದೊಡ್ಡದಾದ ಬೂಟು ತಗೋ, ಅಂದ ಚೆಂದ ನೋಡಬೇಡ. ನಿನ್ನ ಕೋಣೆಯ ಜೊತೆಗಾತಿ, ಆ ಹತ್ತೊಂಬತ್ತರ ಹುಡುಗಿ, ಈಗಲೂ ಐದು ಗಂಟೆಗೆ ಅಲಾರಂ ಇಟ್ಟು ನಿನ್ನನ್ನು ಎಬ್ಬಿಸಿ ತಾನು ಮಾತ್ರ ಗೊರಕೆ ಹೊಡೆಯುತ್ತಾಳಾ? ನಾವಿಲ್ಲಿ ಕ್ಷೇಮ. ನಿನ್ನ ಗಂಡ ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಬಂದು ತಾನೇ ಅಡುಗೆ ಮಾಡುತ್ತಾನೆ. ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತಾನೆ. ನಾನೂ ನಿನ್ನ ಮಗಳೂ ಮುಖ ಮುಖ ನೋಡಿಕೊಂಡು ತೆಪ್ಪಗೆ ತಿನ್ನುತ್ತೇವೆ, ಯಾಕೆಂದರೆ ಬಾಯಿಬಿಟ್ಟವರ ಕೈಗೆ ಮರುದಿನ ಸೌಟು ಬರುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ವಿಷಯ ಅಲ್ಲೇ ಬಿದ್ದಿರುತ್ತದೆ. ಅದಕ್ಕೇ ಕಾಗದ. ಇವತ್ತೇ ಅರ್ಜೆಂಟ್ ಅಂಚೆಗೆ ಹಾಕಿದರೆ ಶುಕ್ರವಾರ ನಿನ್ನ ಕೈ ಸೇರುತ್ತದೆ, ಶನಿವಾರ ನೀನು ಬಸ್ಸು ಹತ್ತುವುದಕ್ಕೆ ಒಂದು ದಿನ ಮುಂಚೆ. ನಿನ್ನ ಪತ್ರ ನಿನ್ನೆ ಬಂತು. ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಓದಿದೆ. ನರ್ಸಿಂಗ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪಂಜಿನ ದಿಂಬಿನ ಮೇಲೆ ಗಾಯದ ಹೊಲಿಗೆ ಹಾಕಲು ಕೊಟ್ಟರು, ನೀನು ಹಾಕಿದೆ, ಗಂಟು ಬಿಗಿದೆ. ಆಮೇಲೆ ಪಕ್ಕದ ತಟ್ಟೆಯಲ್ಲಿ ತೊಳೆದು ಕುದಿಸಿ ಇಟ್ಟಿದ್ದ ಕತ್ತರಿಯನ್ನು ಬಿಟ್ಟು, ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡು, ಬಾಗಿ, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದೆ. ಇಡೀ ತರಗತಿ ಗೊಳ್ಳೆಂದಿತು. ಪರೀಕ್ಷೆಗೆ ಬಂದ ಹಿರಿಯ ನರ್ಸ್ ನಿನ್ನ ಹಾಳೆಯ ಮೇಲೆ ಫೇಲ್ ಎಂದು ಬರೆದರು. ‘ಅತ್ತೆ, ಈ ವಯಸ್ಸಿಗೆ ಇದೆಲ್ಲ ನನಗೆ ಒಗ್ಗೋದಿಲ್ಲ, ಶನಿವಾರ ಬರ್ತಿದ್ದೀನಿ’ ಎಂದು ನೀನು ಬರೆದೆ.

ಸುಳ್ಳು ಹೇಳುವುದಿಲ್ಲ, ಮೊದಲ ಸಲ ಓದಿದಾಗ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಯೂನಿಫಾರ್ಮಿನ ಪ್ಯಾಂಟನ್ನು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೇ ಸಲ ಓದುವಾಗ ನಗು ಬರಲಿಲ್ಲ. ಅದು ನಿನ್ನ ತಪ್ಪಲ್ಲ ಮಾರಾಯ್ತಿ, ನನ್ನದು. ನೀನು ಮದುವೆಯಾಗಿ ಬಂದ ಹೊಸತರಲ್ಲಿ ಎರಡು ಯಂತ್ರಕ್ಕೂ ಸೇರಿ ಇದ್ದದ್ದು ಒಂದೇ ಕತ್ತರಿ. ಅದಕ್ಕಾಗಿ ಎದ್ದು ಓಡಾಡುತ್ತಿದ್ದವಳನ್ನು ಕೂರಿಸಿ ‘ಹಲ್ಲು ಯಾಕೆ ಕೊಟ್ಟಿದ್ದಾನೆ ದೇವರು, ಕಚ್ಚು’ ಎಂದವಳು ನಾನು. ಇಪ್ಪತ್ತು ವರ್ಷ ದಿನಕ್ಕೆ ನೂರಾರು ಸಲ ಕಚ್ಚಿದ ಬಾಯಿ ಅದು. ಎಂಟು ತಿಂಗಳ ಪಾಠಕ್ಕೆ ಸುಮ್ಮನಾಗಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯವೇನಿದೆ? ಆ ತರಗತಿಯ ಹುಡುಗಿಯರಿಗೆ ಈ ತಪ್ಪು ಮಾಡು ಎಂದರೂ ಮಾಡಲು ಬರುವುದಿಲ್ಲ. ಅವರು ಹೆಚ್ಚೆಂದರೆ ದಾರ ಕಳೆದುಕೊಂಡಾರು.

ಇನ್ನೊಂದು ಮಾತು. ಪತ್ರದ ಕೊನೆಯ ಪುಟದ ಮೂಲೆಯಲ್ಲಿ, ಯಾರಿಗೂ ಕಾಣಬಾರದು ಎನ್ನುವಷ್ಟು ಸಣ್ಣಗೆ, ಎರಡು ಸಂಗತಿ ಬರೆದಿದ್ದೀಯ. ಮರುಪರೀಕ್ಷೆ ಇಪ್ಪತ್ತೆಂಟನೇ ತಾರೀಖು ಎನ್ನುವುದು ಒಂದು. ಆ ಹಿರಿಯ ನರ್ಸ್ ಫೇಲ್ ಎಂದು ಬರೆದ ಕೆಳಗೇ ‘ಹೊಲಿಗೆ ಬಹಳ ಅಚ್ಚುಕಟ್ಟು’ ಎಂದೂ ಬರೆದರು ಎನ್ನುವುದು ಇನ್ನೊಂದು. ಬೈಗುಳವನ್ನು ಎರಡು ಪುಟ ಬರೆದು ಹೊಗಳಿಕೆಯನ್ನು ಮೂಲೆಗೆ ತುರುಕುತ್ತಾರೇನೆ? ನೀನು ಮೊದಲಿನಿಂದಲೂ ಹೀಗೇ. ಗಿರಾಕಿ ಅಂಗಿ ಚೆನ್ನಾಗಿದೆ ಎಂದರೆ ನಿನಗೆ ಕೇಳಿಸುತ್ತಿರಲಿಲ್ಲ, ಕಾಲರ್ ಸ್ವಲ್ಪ ಬಿಗಿ ಎಂದರೆ ವಾರಗಟ್ಟಲೆ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದೆ.

ನಾನು ಹೊಲಿಗೆ ಕಲಿಯಲು ಹೋದ ಕಥೆ ನಿನಗೆ ಗೊತ್ತು ಎಂದುಕೊಂಡಿದ್ದೀಯ. ಅರ್ಧ ಮಾತ್ರ ಗೊತ್ತು. ನಿನ್ನ ಮಾವ ತೀರಿಕೊಂಡಾಗ ನನಗೆ ಮೂವತ್ತೊಂಬತ್ತು. ತರಗತಿಯಲ್ಲಿ ಉಳಿದವರೆಲ್ಲ ಹದಿನಾರು ಹದಿನೇಳರ ಹುಡುಗಿಯರು, ಹಿಂದಿನಿಂದ ನನ್ನನ್ನು ಅಜ್ಜಿ ಎನ್ನುತ್ತಿದ್ದರು. ಮೊದಲ ಅಂಗಿಗೆ ನಾನು ಎರಡೂ ತೋಳು ಎಡಗೈಯದ್ದೇ ಕತ್ತರಿಸಿದೆ. ಹೊಲಿದು ಗೊಂಬೆಗೆ ತೊಡಿಸಿದರೆ ಅದು ಒಂದು ಕೈ ಮುರಿದುಕೊಂಡ ಹಾಗೆ ನಿಂತಿತ್ತು. ಹುಡುಗಿಯರು ಕೇಕೆ ಹಾಕಿದರು. ಇಷ್ಟು ಕಥೆ ನೀನು ಕೇಳಿದ್ದೀಯ. ಕೇಳದ್ದು ಏನೆಂದರೆ, ನಾನು ಆವತ್ತು ಎದ್ದು ಮನೆಗೆ ಬಂದುಬಿಟ್ಟೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ನಿಶ್ಚಯ ಮಾಡಿದೆ. ಮರುದಿನ ನೋಡಿದರೆ ನನ್ನ ಕನ್ನಡಕ ಅಲ್ಲೇ ಬಿಟ್ಟು ಬಂದಿದ್ದೇನೆ! ತರಲೇಬೇಕು. ಬಾಗಿಲಲ್ಲೇ ನಿಂತು ಇಸಕೊಂಡು ಬರೋಣ ಎಂದು ಹೋದೆ. ಕಲಿಸುವ ಟೀಚರು ಕನ್ನಡಕ ಕೊಟ್ಟು, ಅದರ ಜೊತೆಗೆ ಒಂದು ತುಂಡು ಬಟ್ಟೆಯನ್ನೂ ಕೊಟ್ಟು, ‘ಹೇಗೂ ಬಂದಿದ್ದೀರಲ್ಲ, ಕೂತ್ಕೊಳ್ಳಿ, ಬಲಗೈ ತೋಳು ಕತ್ತರಿಸಿ’ ಎಂದರು. ಕೂತೆ. ನಾನು ಛಲಗಾತಿ, ಧೈರ್ಯವಂತೆ ಎಂದು ನೀನು ಊರೆಲ್ಲ ಹೇಳಿಕೊಂಡು ಬಂದಿದ್ದೀಯ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಕನ್ನಡಕ ಮರೆತದ್ದಕ್ಕೆ ಈ ಅಂಗಡಿ ಆಯಿತು. ಹಾಗಾಗಿ ಧೈರ್ಯ ಬಂದ ಮೇಲೆ ತರಗತಿಗೆ ಹೋಗುತ್ತೇನೆ ಎಂದು ಕಾಯುತ್ತಾ ಕೂರಬೇಡ. ಸೋಮವಾರ ಏನಾದರೂ ನೆಪ ಹುಡುಕಿಕೊಂಡು ಹೋಗು. ಪುಸ್ತಕ ವಾಪಸು ಕೊಡಲು ಹೋಗು, ಏಪ್ರನ್ ತರಲು ಹೋಗು. ಹೋದ ಮೇಲೆ ಬೆಂಚು ಖಾಲಿ ಇದ್ದರೆ ಕೂತುಕೋ.

ನಿನ್ನ ಇನ್ನೊಂದು ಚಿಂತೆ, ನಲವತ್ತಮೂರಾದವಳಿಗೆ ಯಾರು ಕೆಲಸ ಕೊಡುತ್ತಾರೆ ಎನ್ನುವುದು. ಅದನ್ನು ಗೊತ್ತಿದ್ದವರನ್ನೇ ಕೇಳಿದೆ. ದೊಡ್ಡಾಸ್ಪತ್ರೆಯ ಮೇಟ್ರನ್ ಯೂನಿಫಾರ್ಮಿನ ಸೊಂಟ ಸಡಿಲ ಮಾಡಿಸಲು ವರ್ಷಕ್ಕೊಮ್ಮೆ ಬರುತ್ತಾರಲ್ಲ, ಅವರು ಇವತ್ತು ಬೆಳಗ್ಗೆ ಬಂದಿದ್ದರು. ನಿನ್ನ ಕಥೆ ಹೇಳಿದೆ. ಹೇಳಬಾರದಿತ್ತು ಎಂದು ಸಿಟ್ಟಾಗಬೇಡ, ಹೇಳಿಯಾಯಿತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ತಾವು ಮೊದಲ ಪರೀಕ್ಷೆಯಲ್ಲಿ ಗೊಂಬೆಗೆ ಇಂಜೆಕ್ಷನ್ ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡದ್ದನ್ನು ಹೇಳಿದರು. ಕೆಲಸದ ಮಾತು ಕೇಳಿದ್ದಕ್ಕೆ, ‘ರೋಗಿ ಕೂಗಾಡಿದ್ರೆ ಎಳೆ ಹುಡುಗೀರು ಬಾತ್‌ರೂಮಿಗೆ ಹೋಗಿ ಅಳ್ತಾರೆ. ಮದುವೆ ಸೀಸನ್ನಲ್ಲಿ ಗಿರಾಕಿಗಳನ್ನ ಸಂಭಾಳಿಸಿದವಳಿಗೆ ಅದೆಲ್ಲ ಯಾವ ಲೆಕ್ಕ? ಮೊದಲು ಪಾಸಾಗಿ ಬರಲಿ’ ಎಂದರು. ಕೆಲಸ ಕೊಡುತ್ತೇನೆ ಎಂದು ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅರ್ಜಿ ಹಾಕಲು ಅಲ್ಲಿ ವಯಸ್ಸಿನ ಮಿತಿ ಐವತ್ತು ಎಂದು ಖಚಿತ ಮಾಡಿಕೊಂಡೆ. ನಿನಗೆ ಏಳು ವರ್ಷ ಮಿಕ್ಕಿದೆ.

ಇನ್ನು ಅಭ್ಯಾಸದ ಮಾತು. ಹಲ್ಲಿನ ಚಾಳಿ ಬಿಡಿಸುವುದು ಹೇಗೆ ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ‘ಕಚ್ಚಬಾರದು, ಕಚ್ಚಬಾರದು’ ಎಂದು ಜಪ ಮಾಡಿದರೆ ಆಗುವುದಿಲ್ಲ, ಬಾಯಿಗೆ ಅದೇ ನೆನಪಾಗುತ್ತದೆ. ಕೈಗೆ ಹೊಸ ಕೆಲಸ ಕೊಡಬೇಕು. ಗಂಟು ಬಿಗಿದ ತಕ್ಷಣ ಬಲಗೈ ಕತ್ತರಿಗೆ ಹೋಗಬೇಕು, ತಲೆ ಬಾಗಲೇಬಾರದು. ಬೆನ್ನು ಗೋಡೆಗೆ ಆನಿಸಿ ಕೂತು ಅಭ್ಯಾಸ ಮಾಡು, ಬಾಗಲು ಹೋದರೆ ನಿನಗೇ ಗೊತ್ತಾಗುತ್ತದೆ. ದಿನಕ್ಕೆ ನಲವತ್ತು ಗಂಟು ಹಾಕು. ಆ ಗೊರಕೆ ಹುಡುಗಿಯನ್ನು ಎದುರಿಗೆ ಕೂರಿಸಿಕೋ, ತಲೆ ಬಾಗಿದಾಗಲೆಲ್ಲ ನೆತ್ತಿಗೆ ಮೊಟಕಲು ಹೇಳು. ನಿನಗಿಂತ ಚಿಕ್ಕವರನ್ನು ಕೇಳಿ ಕಲಿಯಲು ನಾಚಿಕೆಪಡಬೇಡ. ಬದಲಿಗೆ ಅವಳ ಹರಿದ ಜೇಬುಗಳನ್ನೆಲ್ಲ ಹೊಲಿದುಕೊಡು, ಖುಷಿಯಾಗಿ ಮೊಟಕುತ್ತಾಳೆ. ನಾನು ಹೇಳುತ್ತಿರುವುದು ಬರೀ ಬಾಯಿಮಾತಲ್ಲ. ನಿನ್ನೆ ಮಧ್ಯಾಹ್ನದಿಂದ ನಾನೂ ಮಾಸ್ಕ್ ಹಾಕಿಕೊಂಡೇ ಹೊಲಿಯುತ್ತಿದ್ದೇನೆ. ಇವತ್ತು ಸಂಜೆಯವರೆಗೆ ಹದಿನೇಳು ಸಲ ದಾರ ಕಚ್ಚಲು ಹೋಗಿ ಮಾಸ್ಕಿನ ಬಟ್ಟೆ ಕಚ್ಚಿದೆ. ಗಿರಾಕಿಗಳು ನನಗೆ ನೆಗಡಿ ಎಂದು ದೂರ ನಿಂತು ಅಳತೆ ಕೊಡುತ್ತಿದ್ದಾರೆ.

ನೀನು ಓದಲು ಹೊರಟಾಗ ನಾನು ಮೂರು ದಿನ ಮಾತು ಬಿಟ್ಟದ್ದು ನಿನಗೆ ನೆನಪಿರಬೇಕು. ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದ ಹಿರಿಯರೊಬ್ಬರು ಕುಸಿದು ಬಿದ್ದರಲ್ಲ, ಅವತ್ತೇ ಶುರುವಾದದ್ದು ನಿನ್ನ ಓದಿನ ಹಟ. ಎದುರಿನ ಔಷಧಿ ಅಂಗಡಿಯಾಕೆ ಓಡಿ ಬಂದು ಅವರ ಎದೆ ಒತ್ತಿ ಉಳಿಸಿದಳು. ನಾವಿಬ್ಬರೂ ಟೇಪು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆವು. ‘ಅತ್ತೆ, ನನಗೆ ಏನೂ ಗೊತ್ತಿರಲಿಲ್ಲ’ ಎಂದು ನೀನು ವಾರವೆಲ್ಲ ಅದನ್ನೇ ಅಂದೆ, ಆಮೇಲೆ ಅರ್ಜಿ ತಂದೆ. ನಾನು ‘ಮಗಳು ಓದೋ ಕಾಲದಲ್ಲಿ ತಾಯಿ ಓದ್ತಾಳಂತೆ’ ಎಂದು ಹಂಗಿಸಿದೆ. ಅದು ವಯಸ್ಸಿನ ಮಾತಾಗಿರಲಿಲ್ಲ. ನೀನು ಹೋದರೆ ಈ ಅಂಗಡಿಯಲ್ಲಿ ನಾನೊಬ್ಬಳೇ ಎಂಬ ಹೆದರಿಕೆ. ಈಗಲೂ ನೀನಿಲ್ಲದೆ ಅಂಗಡಿ ಬಿಕೋ ಎನ್ನುತ್ತದೆ. ಮಧ್ಯಾಹ್ನ ಚಹಾ ಮಾಡುವಾಗ ಎರಡು ಲೋಟ ಇಟ್ಟು ಒಂದನ್ನು ವಾಪಸು ಎತ್ತಿಡುತ್ತೇನೆ. ನಿನ್ನ ಗಂಡನ ಕಥೆಯೂ ಅಷ್ಟೇ. ನಿನ್ನ ಪತ್ರ ಓದಿ ‘ಪಾಪ, ಬರಲಿ ಬಿಡಮ್ಮ’ ಎಂದ. ಮುಖದ ಮೇಲೆ ಎಷ್ಟು ಖುಷಿಯೆಂದರೆ ನನಗೆ ಅವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು. ನಿನ್ನ ಮಗಳು ಮಾತ್ರ, ‘ಅಮ್ಮ ಫೇಲಾ? ಹಾಗಾದ್ರೆ ಗಣಿತದಲ್ಲಿ ನನಗೂ ಒಂದು ಸಲ ರಿಯಾಯಿತಿ ಇದೆ ಅಲ್ವಾ ಅಜ್ಜಿ?’ ಎಂದಳು. ಅಮ್ಮ ಮರುಪರೀಕ್ಷೆಗೆ ಕೂತರೆ ಮಾತ್ರ ಇದೆ ಎಂದು ನಾನು ಹೇಳಿಬಿಟ್ಟಿದ್ದೇನೆ. ಅವಳು ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟಕ್ಕೆ ಗುರುತು ಹಾಕಿದ್ದಾಳೆ.

ನೀನು ಬಂದರೆ ನಾನು ಬಾಗಿಲು ಹಾಕುವವಳಲ್ಲ. ಇದು ನಿನ್ನ ಮನೆ, ಯಾವಾಗ ಬಂದರೂ ನಿನ್ನ ತಟ್ಟೆ ಇದ್ದೇ ಇರುತ್ತದೆ. ಆದರೆ ಓದು ನಿನ್ನಿಂದ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಬಾ, ನಾಲ್ಕು ಹುಡುಗಿಯರು ನಕ್ಕರೆಂದು ಬರಬೇಡ. ಅವರು ನಕ್ಕದ್ದು ಅವರಿಗೇ ಈಗ ಮರೆತಿರುತ್ತದೆ. ನೀನು ಬಿಟ್ಟು ಬಂದರೆ ನೀನು ಮಾತ್ರ ಅದನ್ನು ಎಪ್ಪತ್ತು ವರ್ಷದವರೆಗೂ ನೆನೆಯುತ್ತೀಯ, ನನ್ನ ತಲೆಯನ್ನೂ ತಿನ್ನುತ್ತೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಟೀಚರಿಗೆ ನನ್ನ ನಮಸ್ಕಾರ, ಜೊತೆಗಾತಿ ಹುಡುಗಿಗೆ ನನ್ನ ಪ್ರೀತಿ. ನಿನ್ನ ಕೈಗೆ ಒಳ್ಳೆಯದಾಗಲಿ.

ಹಲ್ಲಿನ ಪಾಠ ಹೇಳಿಕೊಟ್ಟ
ನಿನ್ನ ಅತ್ತೆ

ತಾ.ಕ.: ನಿನ್ನ ಗಂಡ ಅಂಚೆ ಕಚೇರಿ ಮುಚ್ಚುತ್ತದೆ ಎಂದು ಬಾಗಿಲಲ್ಲಿ ನಿಂತು ಕುಣಿಯುತ್ತಿದ್ದಾನೆ, ಚುಟುಕಾಗಿ ಹೇಳುತ್ತೇನೆ. ನನ್ನ ಎಡಗಣ್ಣಿನಲ್ಲಿ ಪೊರೆ ಬಂದಿದೆ. ಗಾಬರಿಯಾಗಬೇಡ, ಇನ್ನೂ ಎಳೆಯದು, ವರ್ಷ ಕಾದರೂ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಆಪರೇಷನ್ ಆದ ಮೇಲೆ ಒಂದು ತಿಂಗಳು, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕಂತೆ. ನಿನ್ನ ಕೋರ್ಸು ಜನವರಿಯಲ್ಲಿ ಮುಗಿಯುತ್ತದಲ್ಲ, ಫೆಬ್ರವರಿಗೆ ತಾರೀಖು ಬರೆಸಿ ಬಂದೆ. ‘ಮನೇಲಿ ನೋಡ್ಕೊಳ್ಳೋರು ಯಾರು?’ ಎಂದು ಫಾರಂ ತುಂಬುವಾಕೆ ಕೇಳಿದಳು. ನಿನ್ನ ಹೆಸರು ಹೇಳಿದೆ. ಏನು ಕೆಲಸ ಎಂದಳು. ನರ್ಸ್ ಎಂದೆ. ಅವಳು ಪೆನ್ನಿನಲ್ಲೇ ಬರೆದುಕೊಂಡಳು, ಇನ್ನು ಅಳಿಸಲು ಬರುವುದಿಲ್ಲ.