ಅಳಿಸಿದ ಸೌನಾ

ಅಕ್ಟೋಬರ್ 14, ಮಂಗಳವಾರ

ಮತ್ತೆ ಕಾಫಿ, ಮತ್ತೆ ಅರ್ಜಿ, ಮತ್ತೆ ಮೌನ. ಕಂಪನಿಯಲ್ಲಿ ನಮ್ಮ ವಿಭಾಗ ಮುಚ್ಚಿ, ಕೆಲಸ ಹೋಗಿ ಇದು ಎರಡನೇ ಚಳಿಗಾಲ. ಉದ್ಯೋಗ ಕಚೇರಿಯ ಹುಡುಗಿ ಇವತ್ತು ನೆಲ ಒರೆಸುವ ಕೋರ್ಸ್ ಸೂಚಿಸಿದಳು. ಅಂಕಿಅಂಶ ಅರೆದು ಕುಡಿದವಳಿಗೆ. ನಕ್ಕು ಬಂದೆ, ಬಸ್ಸಿನಲ್ಲಿ ಅತ್ತುಬಿಟ್ಟೆ.

ಸಂಜೆ ಟಪಾನಿ ಫೋನ್. ಹಳೆಯ ಸಹೋದ್ಯೋಗಿ, ಈಗ ವಿದ್ಯುತ್ ಕಂಪನಿಯಲ್ಲಿದ್ದಾನೆ. ಅವರು ಡೇಟಾ ಸೈನ್ಸ್ ಸ್ಪರ್ಧೆ ಇಟ್ಟಿದ್ದಾರಂತೆ. ನಮ್ಮೂರು ಔಲುವಿನ ಮನೆಗಳು ಯಾವ ಗಂಟೆಗೆ ಎಷ್ಟು ಕರೆಂಟ್ ಎಳೆಯುತ್ತವೆ ಅಂತ ಊಹಿಸಬೇಕು.

"ಐವತ್ಮೂರು ಅಂತ ನೋಡಿದ್ರೆ ಅರ್ಜಿ ಯಾರೂ ತೆರೆಯಲ್ಲ ಇರ್ಮೆಲಿ, ಬೇಜಾರು ಮಾಡ್ಕೋಬೇಡ. ಸ್ಪರ್ಧೆಯ ಅಂಕಪಟ್ಟೀಲಿ ವಯಸ್ಸು ಕಾಣಲ್ಲ. ಮೊದಲ ಹತ್ತರೊಳಗೆ ಬಾ, ಸಂದರ್ಶನಕ್ಕೆ ಕರೀತಾರೆ."

ಮುಳುಗುವವಳಿಗೆ ಹುಲ್ಲುಕಡ್ಡಿ. ಸೇರಿಕೊಂಡೆ.

ಅಕ್ಟೋಬರ್ 18, ಶನಿವಾರ

ಪಟ್ಟಿಯಲ್ಲಿ ಎಲ್ಲೋ ಪಾತಾಳದಲ್ಲಿದ್ದೇನೆ. ನನ್ನ ಗಂಡ ವೇಯೊ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ, ಶನಿವಾರದ ಬಿಸಿಹಬೆ ಸ್ನಾನಕ್ಕೆ ಕರೆಯಲು. "ಸೌನಾ ಕಾದಿದೆ, ಬಾರೇ. ಇಡೀ ಊರು ಈಗ ಬೆವರ್ತಿದೆ, ನೀನೊಬ್ಬಳು ಇಲ್ಲಿ ಒಣಗ್ತಿದೀಯ."

ಇಡೀ ಊರು! ಶನಿವಾರ ಸಂಜೆ, ಎಲ್ಲ ಮನೆಯ ಸೌನಾದ ಕರೆಂಟ್ ಒಲೆಯೂ ಒಟ್ಟಿಗೆ. ಊಹೆ ಲೆಕ್ಕ ಹಾಕುವ ನನ್ನ ಮಾಡೆಲ್‌ಗೆ 'ಸೌನಾ ಗಂಟೆ' ಸೇರಿಸಿದೆ. ಹಳೆಯ ಡೇಟಾದ ಮೇಲೆ ನಾನೇ ಪರೀಕ್ಷಿಸಿದಾಗ ತಪ್ಪು ಅರ್ಧಕ್ಕಿಳಿಯಿತು. ಕಳಿಸಿದೆ — ಪಟ್ಟಿಯಲ್ಲಿ ಇನ್ನೂ ಕೆಳಗೆ ಬಿದ್ದೆ.

ಈಗ ಕಾಣುವ ಪಟ್ಟಿ ಅಂಕ ಹಾಕುವುದು ಡೇಟಾದ ಒಂದು ತುಂಡಿನ ಮೇಲೆ ಮಾತ್ರ. ಯಾವ ತುಂಡು, ಹೇಳುವುದಿಲ್ಲ. ಕೊನೆಯ ತೀರ್ಪು ಮುಚ್ಚಿಟ್ಟ ಉಳಿದ ಭಾಗದ ಮೇಲೆ. ಗೊತ್ತು. ಆದರೂ ಪಟ್ಟಿಯನ್ನೇ ಮತ್ತೆ ಮತ್ತೆ ತೆರೆದು ನೋಡಿದೆ.

ಅಕ್ಟೋಬರ್ 31, ಶುಕ್ರವಾರ

ಸೌನಾ ಅಳಿಸಿದೆ. ಪಟ್ಟಿ ಕೇಳಿದಂತೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದುತ್ತ ಹೋದೆ. ನಾಲ್ಕನೇ ಸ್ಥಾನ! ಟಪಾನಿ ಹೂವಿನ ಚಿತ್ರ ಕಳಿಸಿದ.

ಸೋಮವಾರದೊಳಗೆ, ಕಳಿಸಿದ್ದರಲ್ಲಿ ಒಂದೇ ಉತ್ತರಕ್ಕೆ ಕೊನೆಯದೆಂದು ಗುರುತು ಹಾಕಬೇಕು. ಸೌನಾದ್ದೋ, ನಾಲ್ಕನೇ ಸ್ಥಾನದ್ದೋ...

"ಶನಿವಾರ ಸೌನಾ ಕಾಯಿಸದ ಮನೆ ಎಲ್ಲಿದೆ ಮಾರಾಯ್ತಿ?" ಎಂದ ವೇಯೊ.

"ಪಟ್ಟಿ ಹಾಗೆ ಹೇಳ್ತಿಲ್ಲ."

"ಪಟ್ಟಿ ಯಾವತ್ತು ಸೌನಾಗೆ ಹೋಗಿತ್ತು?"

ಸಿಟ್ಟು ಬಂತು. ನಾಲ್ಕನೇ ಸ್ಥಾನದ್ದಕ್ಕೇ ಗುರುತು ಹಾಕಿದೆ.

ನವೆಂಬರ್ 4, ಮಂಗಳವಾರ

ಕೊನೆಯ ತೀರ್ಪು ಬಂತು. ನಾಲ್ಕರಿಂದ ಆರುನೂರರಾಚೆ.

ಕಾಣುತ್ತಿದ್ದ ತುಂಡು ಜುಲೈ ತಿಂಗಳದ್ದಂತೆ. ಜುಲೈನಲ್ಲಿ ಊರಿಗೆ ಊರೇ ಕೆರೆದಂಡೆಯ ಬೇಸಿಗೆ ಮನೆಗೆ ಹೋಗಿರುತ್ತದೆ. ಇಲ್ಲಿನ ಸೌನಾಗಳೆಲ್ಲ ತಣ್ಣಗೆ. ಇದೇ ನೆಲದಲ್ಲಿ ಹುಟ್ಟಿದವಳು ನಾನು, ಇಷ್ಟು ಹೊಳೆಯಬಾರದಿತ್ತೇ? ಸೌನಾ ಇದ್ದ ಉತ್ತರಕ್ಕೆ ಗುರುತು ಹಾಕಿದ್ದರೆ ಮೂರನೇ ಸ್ಥಾನ.

ಟಪಾನಿ ಫೋನ್ ಎತ್ತುತ್ತಿಲ್ಲ. ವೇಯೊ ಕಾಫಿ ಇಟ್ಟು ಹೋದ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 19, ಬುಧವಾರ

ಇಲ್ಲಿ ಏನೂ ಬರೆಯಲು ಮನಸ್ಸಿರಲಿಲ್ಲ. ನೆಲ ಒರೆಸುವ ಕೋರ್ಸಿಗೆ ಹೆಸರು ಕೊಟ್ಟೆ.

ಸ್ಪರ್ಧೆ ಮುಗಿದ ಮೇಲೆ ಮಾಡಿದ್ದನ್ನು ಅದರ ಆನ್‌ಲೈನ್ ವೇದಿಕೆಯಲ್ಲಿ ಬರೆಯುವುದು ರೂಢಿ. ಗೆದ್ದವರು ಬರೆಯುತ್ತಾರೆ. ಹಾಳಾಗಿ ಹೋಗಲಿ ಅಂತ ಸೋತ ನಾನೂ ಬರೆದಿದ್ದೆ — ಸೌನಾ, ಜುಲೈ, ನನ್ನ ಅಂಜುಬುರುಕುತನ, ಎಲ್ಲ.

ಇವತ್ತು ಫೋನ್. ವಿದ್ಯುತ್ ಕಂಪನಿಯ ಮ್ಯಾನೇಜರ್, ಸಿನಿಕ್ಕಾ ಅಂತ.

"ನಿಮ್ಮ ಬರಹ ಓದಿದೆ. ಗೆದ್ದವರ್ಯಾರೂ ಈ ಊರಿನವರಲ್ಲ, ಸೌನಾ ಅವರಿಗೆ ಗ್ರಾಫಿನಲ್ಲಿ ಬರೀ ಏರಿದ ಗೆರೆ. ಗೊತ್ತಿದ್ದೂ ಯಾಕೆ ಬಿಟ್ರಿ?"

"ಹೆದರಿಕೆ. ಕೆಲಸ ಬೇಕಿತ್ತು."

"ಸೋಮವಾರ ಬನ್ನಿ."

ನವೆಂಬರ್ 24, ಸೋಮವಾರ, ಬೆಳಿಗ್ಗೆ 11

ಅವರ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಂದರ್ಶನಕ್ಕೆ ಕೂತ ಇಬ್ಬರು ಎಂಜಿನಿಯರುಗಳೂ ನನಗೆ ಮಕ್ಕಳಾಗುವಷ್ಟು ಚಿಕ್ಕವರು. ಡಿಸೆಂಬರ್ ತಿಂಗಳ ಕರೆಂಟ್ ಬಳಕೆ ಊಹಿಸಿ ಅಂದರು. ಕ್ರಿಸ್‌ಮಸ್ ಹಿಂದಿನ ದಿನದ ಸೌನಾ ಗಂಟೆಯನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ತಂದೆ. ಅವತ್ತು ಸಂಜೆಯ ಹಬ್ಬದ ಊಟಕ್ಕೆ ಮೊದಲೇ ಎಲ್ಲರ ಸ್ನಾನ. ಪರದೆಯ ಮೇಲಿನ ಅಂಕ ಕುಸಿಯಿತು. ಮತ್ತೆ ಅದೇ ಆಟ, ಕಾಣುವ ಅಂಕ ಒಂದು ತುಂಡಿನದು ಮಾತ್ರ. ಒಬ್ಬ ಹುಡುಗ ಹುಬ್ಬೇರಿಸಿದ. "ಇದನ್ನೇ ಕೊಡ್ತೀರಾ? ಮೊದಲಿನದೇ ಅಂಕದಲ್ಲಿ ಮೇಲಿದೆ."

ಇದೂ ಹೋದರೆ ಪೊರಕೆಯೇ ಗತಿ. "ಇದನ್ನೇ ಕೊಡ್ತೀನಿ" ಅಂದೆ.

ಹೊರಗೆ ಕಾಯಲು ಹೇಳಿದ್ದಾರೆ. ಗಾಜಿನಾಚೆ ಸಿನಿಕ್ಕಾ ಆ ಹುಡುಗನಿಗೆ ಪರದೆಯಲ್ಲಿ ಮಧ್ಯಾಹ್ನವೇ ಏರಿದ ಗೆರೆಯೊಂದನ್ನು ತೋರಿಸುತ್ತಿದ್ದಾಳೆ. ಅವನು ತಲೆ ಕೆರೆದುಕೊಂಡ. ಈಗ ಎದ್ದಳು. ಇತ್ತ ಬರುತ್ತಿದ್ದಾಳೆ, ಕೈಯಲ್ಲಿ ಎರಡು ಕಾಫಿ, ಒಂದನ್ನು ಆಗಲೇ ನನ್ನತ್ತ ಚಾಚಿದ್ದಾಳೆ.